ನೋಂಬಿನ ಐವತ್ತು ದಿನದ ಲೀಗು

ಕಡಬದ ಸಾಲಿ ಟೀಚರ್ ಸಾಫ್ಟ್‌ಬಾಲ್ ಆಟವನ್ನು ಕಣ್ಣಾರೆ ನೋಡಿದ್ದು ಎಂಟೇ ದಿನ, ಬೆಂಗಳೂರಿನಲ್ಲಿ ವ್ಯಾಯಾಮ ಶಿಕ್ಷಕರಿಗೆ ನಡೆದ ಒಂದು ಶಿಬಿರದಲ್ಲಿ. ಒಂಬತ್ತನೆಯ ದಿನ ಬಸ್ಸಿನಿಂದ ಇಳಿಯುವಾಗ ಅವರ ಕೈಯಲ್ಲಿ ಒಂದು ಬ್ಯಾಟು, ಎರಡು ಚರ್ಮದ ಗ್ಲೌಸು, ಆಟದ ಕಾನೂನಿನ ಒಂದು ಇಂಗ್ಲಿಷ್ ಪುಸ್ತಕ ಇದ್ದವು. ತಲೆಯೊಳಗೆ ಮಾತ್ರ ಪುತ್ತೂರು, ಸುಳ್ಯ ಎರಡೂ ತಾಲೂಕು ಸೇರಿಸಿದರೂ ಹಿಡಿಸದಷ್ಟು ದೊಡ್ಡ ಯೋಚನೆ.

ಆಟ ಸರಳ. ಒಬ್ಬಳು ಸೊಂಟದ ಕೆಳಗಿನಿಂದ ಕೈ ಬೀಸಿ ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಹೊಡೆದು ನಾಲ್ಕು ಮೂಲೆ ಸುತ್ತಿ ಬರುತ್ತಾಳೆ. ಅವಳಿಗಿಂತ ಮೊದಲು ಚೆಂಡು ಮೂಲೆ ಮುಟ್ಟಿದರೆ ಔಟ್. ಇಷ್ಟನ್ನು ಹೇಳಲು ಆ ಪುಸ್ತಕ ನೂರಾ ಹನ್ನೆರಡು ಪುಟ ತೆಗೆದುಕೊಂಡಿತ್ತು. ಎರಡನೆಯ ಮಳೆಗಾಲದಲ್ಲಿ ಗೆದ್ದಲು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿತು. ಅಲ್ಲಿಂದ ಮುಂದೆ ಸಾಫ್ಟ್‌ಬಾಲಿನ ಕಾನೂನು ಉಳಿದದ್ದು ಎರಡೇ ಕಡೆ, ಟೀಚರ ತಲೆಯಲ್ಲಿ ಮತ್ತು ಗೆದ್ದಲಿನ ಹೊಟ್ಟೆಯಲ್ಲಿ.

ಚೆಂಡಿಗೆ ಬರಗಾಲ. ರಬ್ಬರು ತೋಟದ ಪಾಪ್ಪಚ್ಚನ್ ತೆಂಗಿನ ಗೆರಟೆಯಲ್ಲಿ ಒಣಗಿ ಉಳಿದ ರಬ್ಬರು ಹಾಲನ್ನು ಎಳೆಎಳೆಯಾಗಿ ಸುತ್ತಿ ಉಂಡೆ ಮಾಡಿಕೊಟ್ಟರು. ಅದು ಪುಟಿಯುವ ಎತ್ತರಕ್ಕೆ ಕಾಗೆಗಳು ದಾರಿ ಬದಲಾಯಿಸಿದವು. ಕಡಬದಲ್ಲಿ ಹೊಡೆದ ಒಂದು ಚೆಂಡು ನೆಲ್ಯಾಡಿಯ ಹಟ್ಟಿಯಲ್ಲಿ ಬಿದ್ದು, ಅಲ್ಲಿನ ಹೇಂಟೆ ಅದಕ್ಕೆ ಇಪ್ಪತ್ತೊಂದು ದಿನ ಕಾವು ಕೊಟ್ಟಿತಂತೆ. ಮರಿ ಆಗಲಿಲ್ಲ ಎಂಬುದು ಮಾತ್ರ ಖಚಿತ.

ಲೀಗು ಹುಟ್ಟಿದ್ದು ೧೯೭೬ರಲ್ಲಿ. ಪುತ್ತೂರಿನ ಅಡಿಕೆ ವ್ಯಾಪಾರಿ ರಾಮಪ್ರಸಾದರು ಅಮೆರಿಕದಲ್ಲಿ ಹೆಂಗಸರು ಸಂಬಳ ಪಡೆದು ಈ ಆಟ ಆಡುತ್ತಾರೆಂದು ಪತ್ರಿಕೆಯಲ್ಲಿ ಓದಿದರು. “ಅಲ್ಲಿ ಕೊಡುದಾದ್ರೆ ಪುತ್ತೂರಿನವರ ಕೈ ಎಂತ ಗಿಡ್ಡವಾ?” ಎಂದರು. ಪುತ್ತೂರಿನ ಟೈಪಿಸ್ಟು, ನರ್ಸುಗಳದು ಒಂದು ತಂಡ. ಸುಳ್ಯದ ತೋಟದ ಮನೆಗಳ ಹುಡುಗಿಯರದು ಇನ್ನೊಂದು. ಕೇರಳದಿಂದ ಬಂದು ನೆಲೆಸಿದ ಮನೆಗಳ ಹುಡುಗಿಯರದು ಕಡಬದ ತಂಡ. ಒಂದು ಆಟಕ್ಕೆ ಐದು ರೂಪಾಯಿ, ಬಸ್ಸಿನ ಚಾರ್ಜು, ಮೇಲೆ ಒಂದು ಪ್ಲೇಟು ಗೋಳಿಬಜೆ. ಅಪ್ಪಂದಿರು ಆಟವನ್ನು ಒಪ್ಪಲಿಲ್ಲ, ಸಂಬಳವನ್ನು ಒಪ್ಪಿದರು.

ಆದರೆ ಲೀಗಿಗೆ ಒಂದು ರೋಗ ಅಂಟಿತು, ಮದುವೆ. ಒಬ್ಬಳಿಗೆ ಚೆಂಡು ಹಿಡಿಯಲು ಕಲಿಸಲು ಎರಡು ವರ್ಷ ಬೇಕು. ಮೂರನೆಯ ವರ್ಷ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿರುತ್ತಾರೆ. ಸಾಲಿ ಟೀಚರ ಟೀಮಿಗೆ ಸೇರಿದರೆ ಬೇಗ ಸಂಬಂಧ ಕೂಡಿಬರುತ್ತದೆ ಎಂಬ ಸುದ್ದಿ ಹಬ್ಬಿ, ಓಡಲು ಬಾರದ ಹೆಣ್ಣುಮಕ್ಕಳನ್ನೆಲ್ಲ ತಾಯಂದಿರು ಕೈಹಿಡಿದು ಕರೆತಂದು ಬಿಡುತ್ತಿದ್ದರು.

ಟೀಚರ್ ಮದ್ದು ಹುಡುಕಿದರು. ಈಸ್ಟರಿಗೆ ಮೊದಲಿನ ಐವತ್ತು ದಿನ ಕ್ರೈಸ್ತರ ಮನೆಗಳಲ್ಲಿ ನೋಂಬು. ಮೀನಿಲ್ಲ, ಮಾಂಸವಿಲ್ಲ, ಮದುವೆಯಂತೂ ಇಲ್ಲವೇ ಇಲ್ಲ. ಗದ್ದೆಯೂ ಒಣಗಿ ಆಟಕ್ಕೆ ಬಿಟ್ಟುಕೊಟ್ಟಿರುತ್ತದೆ. ಲೀಗನ್ನು ಆ ಐವತ್ತು ದಿನಕ್ಕೆ ಕಟ್ಟಿದರು. ಮೀನು ಕಾಣದ ಹುಡುಗಿಯರು ಕೊನೆಯ ವಾರಕ್ಕೆ ಒಣಗಿದ ಬೀನ್ಸಿನಂತಾಗುತ್ತಿದ್ದರೂ, ಟೀಮಿನ ಒಂಬತ್ತು ಜನ ಒಂಬತ್ತೇ ಇರುತ್ತಿದ್ದರು.

ಟೀಚರಿಗೆ ಮಾತ್ರ ನೋಂಬು ಇರಲಿ, ಬಿಡಲಿ, ಯಾರೂ ನೋಡಲು ಬಂದಿರಲಿಲ್ಲ. ಅಪ್ಪ ಔಸೇಪ್ ಕಾಡು ಕಡಿದು ತೋಟ ಮಾಡಿ ಜ್ವರದಲ್ಲಿ ಹೋದಾಗ ಹಿರಿಯ ಮಗಳಾದ ಸಾಲಿಗೆ ಹದಿನೇಳು. ನಾಲ್ವರು ತಮ್ಮಂದಿರನ್ನು ದಡ ಸೇರಿಸಿ ತಿರುಗಿ ನೋಡುವಾಗ ಮೂವತ್ತಾರು. ತಮ್ಮಂದಿರು ತಮ್ಮ ಮನೆಗೆ ಕರೆದರು. ಟೀಚರ್ ಹೋಗಲಿಲ್ಲ. ಶಾಲೆಯ ಹಿಂದೆ ಬಾಡಿಗೆಯ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ. ಸಾರು ಮಾಡಿದರೆ ಮೂರು ದಿನ ಅದೇ ಸಾರು. ಮೂರನೆಯ ದಿನ ಅದು ತಾನಾಗಿ ಮಾತಾಡಿಸುತ್ತಿತ್ತು ಎಂದು ಅವರೇ ಹೇಳಿ ನಗುತ್ತಿದ್ದರು. ನಗಲು ಎದುರಿಗೆ ಯಾರಾದರೂ ಇದ್ದರೆ.

ಹಾಗಿದ್ದೂ ೧೯೮೦ರಲ್ಲಿ ನೋಂಬಿಗೆ ಮೊದಲೇ ಮದುವೆಯಾಗಿ ಹೋದವರು ಹೆಚ್ಚಾಗಿ ಕಡಬಕ್ಕೆ ಏಳೇ ಜನ ಸಿಕ್ಕಿ ಫೈನಲು ನಡೆಯಲಿಲ್ಲ. ರಾಮಪ್ರಸಾದರು ಮರುವರ್ಷ ಮೊದಲೇ ಹೇಳಿಬಿಟ್ಟರು: “ಟೀಚರೇ, ಈ ಸಲ ಒಂಬತ್ತಕ್ಕೆ ಒಂಬತ್ತು ಜನ ನಿಂತು ಫೈನಲ್ ಮುಗೀಬೇಕು. ಇಲ್ಲದಿದ್ರೆ ಬರುವ ವರ್ಷದಿಂದ ನನ್ನ ದುಡ್ಡು ಗಂಡಸರ ವಾಲಿಬಾಲಿಗೆ. ಬೇಜಾರು ಮಾಡ್ಬೇಡಿ.”

ಫೈನಲು ಪುತ್ತೂರಿನಲ್ಲಿ, ಸುಳ್ಯಕ್ಕೂ ಕಡಬಕ್ಕೂ, ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ. ಎರಡು ತಂಡವೂ ಇಳಿದು ನಿಂತಿತ್ತು. ಆಗ ಬೇಸಗೆಯ ಮಳೆ ಬಂತು. ಬಂತು ಎಂದರೆ, ಮೂಲೆಗೆ ಹಾಸಿದ್ದ ಗೋಣಿಚೀಲಗಳು ಈಜಿಕೊಂಡು ಗೇಟಿನವರೆಗೆ ಹೋದವು.

“ಸೋಮವಾರ ಇಡುವ,” ಎಂದರು ರಾಮಪ್ರಸಾದರು. “ಸಂತೆಗೆ ಬಂದ ಜನವೂ ಸೇರ್ತದೆ. ಯಾವ ಸೋಮವಾರ ಹೇಳಿ.”

ಟೀಚರ್ ಲೆಕ್ಕ ಹಾಕಿದರು. ಮುಂದಿನದು ಕಷ್ಟಾನುಭವದ ವಾರ, ಆಗದು. ಈಸ್ಟರಿನ ಮರುದಿನ ಹುಡುಗಿಯರಿಗೆ ಹೊಟ್ಟೆಭಾರ. “ಅದರ ಮುಂದಿನ ಸೋಮವಾರ. ನೋಂಬು ಮುಗಿದಿರ್ತದೆ, ಮೀನು ತಿಂದು ಮಕ್ಕಳಿಗೆ ಸ್ವಲ್ಪ ಜೀವ ಬಂದಿರ್ತದೆ,” ಎಂದರು. ಅಲ್ಲೇ ನೋಟೀಸು ಬರೆದು ಅಚ್ಚಿಗೆ ಕಳಿಸಿದ್ದಾಯಿತು.

ಮರುದಿನ ಇಗರ್ಜಿಯಲ್ಲಿ ಗುರುಗಳು ಮದುವೆಯ ಕರೆ ಓದಿದರು. ಮೂರು ಭಾನುವಾರ ಹೆಸರು ಕೂಗಿ, ತಕರಾರು ಇದ್ದವರು ತಿಳಿಸಬೇಕು ಎನ್ನುವುದು ಪದ್ಧತಿ. ಮೊದಲ ಹೆಸರು ಕತ್ರೀನಾ. ಚೆಂಡು ಎಸೆಯುವವಳು. ಎರಡನೆಯದು ಮೊದಲ ಮೂಲೆ ಕಾಯುವವಳು. ಮೂರನೆಯವಳು, ನಾಲ್ಕನೆಯವಳು. ಗುರುಗಳು ಓದುತ್ತಿರುವುದು ಮದುವೆಯ ಪಟ್ಟಿಯೋ ತನ್ನ ಟೀಮಿನ ಪಟ್ಟಿಯೋ ಎಂದು ಟೀಚರಿಗೆ ಗಲಿಬಿಲಿಯಾಯಿತು. ನಾಲ್ಕೂ ಮದುವೆ ಒಂದೇ ದಿನ. ನೋಂಬು ಕಳೆದು ಬರುವ ಎರಡನೆಯ ಸೋಮವಾರ.

ಐವತ್ತು ದಿನ ಕಟ್ಟಿಟ್ಟ ಮದುವೆಗಳೆಲ್ಲ ಆ ಸೋಮವಾರ ಕಟ್ಟೆ ಒಡೆದು ಹರಿಯುತ್ತವೆ ಎಂದು ಆ ಊರಿನ ಕೋಳಿಗಳಿಗೂ ಗೊತ್ತಿತ್ತು. ನೋಂಬನ್ನು ಬೇಲಿ ಮಾಡಿ ಲೀಗು ಕಾದವರಿಗೆ ಮಾತ್ರ ಬೇಲಿಯ ಆಚೆ ಏನಿದೆ ಎಂಬುದು ಮರೆತುಹೋಗಿತ್ತು. ತನ್ನದೆಂದು ಒಂದು ಮದುವೆಯ ದಿನವನ್ನು ಎಂದೂ ಎಣಿಸದವರಿಗೆ ಆ ಸೋಮವಾರ ಬರಿಯ ಸೋಮವಾರವಾಗಿತ್ತು.

ತಾರೀಕು ಬದಲಿಸಲು ಕೇಳಿದರೆ ರಾಮಪ್ರಸಾದರು, “ಕೊಟ್ಟದ್ದು ನೀವೇ ಅಲ್ವಾ? ಮೇ ತಿಂಗಳಲ್ಲಿ ಸುಳ್ಯದವರದ್ದು ಮದುವೆ, ಜೂನಲ್ಲಿ ಮಳೆ. ಇಡುದು ಎಲ್ಲಿ?” ಎಂದರು. ಅದೂ ಸರಿಯೇ.

ಮದುವೆಯ ಮುನ್ನಾದಿನ ಕತ್ರೀನಾ ಟೀಚರ ಕೋಣೆಗೆ ಬಂದಳು. ಕೈಯಲ್ಲಿ ಗ್ಲೌಸು, ತೆಂಗಿನೆಣ್ಣೆ ಹಚ್ಚಿ ಒರೆಸಿದ್ದು.

“ಟೀಚರೇ, ನಾಳೆ ಎಂತ ಮಾಡ್ತೀರಿ?”

“ನಿನಗೆ ಎಷ್ಟು ಗಂಟೆಗೆ?”

“ಹತ್ತೂವರೆಗೆ ತಾಳಿ. ಆಮೇಲೆ ಊಟ. ಆಮೇಲೆ ಸಂಪಾಜೆಗೆ ಹೋಗುದು, ಅವರ ಮನೆಗೆ.” ಗ್ಲೌಸನ್ನು ಟೀಚರ ಕೈಗೆ ಕೊಟ್ಟು, “ಅಲ್ಲಿ ದೊಡ್ಡ ಅಂಗಳ ಉಂಟಂತೆ,” ಎಂದಳು.

“ಕಾಳುಮೆಣಸು ಒಣಗಿಸ್ಲಿಕ್ಕೆ ಒಳ್ಳೇದಾಯ್ತು.”

ಇಬ್ಬರೂ ನಕ್ಕರು. ಕತ್ರೀನಾ ಹೋದ ಮೇಲೆ ಟೀಚರ್ ಗ್ಲೌಸಿನೊಳಗೆ ಕೈ ತೂರಿಸಿ ನೋಡಿದರು. ಒಳಗೆ ಬೆರಳುಗಳ ಗುರುತು ಆಳವಾಗಿ ಕೂತಿತ್ತು. ಅವರ ಬೆರಳು ಅದರಲ್ಲಿ ಸರಿಯಾಗಿ ಕೂರಲಿಲ್ಲ.

ಅಷ್ಟರಲ್ಲಿ ಟೀಚರ್ ಮನೆಮನೆ ತಿರುಗಿ ಆಗಿತ್ತು. ನಾಲ್ವರು ಮದುವಣಗಿತ್ತಿಯರು, ಟೀಮಿನಲ್ಲೇ ಇದ್ದ ಅವರಲ್ಲೊಬ್ಬಳ ತಂಗಿ ಅಕ್ಕನ ಸೆರಗು ಹಿಡಿಯಲು. ಉಳಿದದ್ದು ನಾಲ್ಕು ಜನ. ಮೊದಲ ವರ್ಷ ಆಡಿದ್ದ, ಟೀಚರನ್ನು ಮಲಯಾಳದಲ್ಲಿ ಅಕ್ಕ ಎಂದೇ ಕರೆಯುವ ಲೀಲಾಮ್ಮ ಈಗ ಮೂರು ಮಕ್ಕಳ ತಾಯಿ. “ಚೇಚಿ, ನನ್ನ ಸೊಂಟ ನೋಡಿ ಮಾತಾಡಿ,” ಎಂದಳು, ಆದರೆ ಬಂದಳು. ಹಳೆಯ ಆಟಗಾರ್ತಿಯರಿಬ್ಬರನ್ನು ಅವಳೇ ಅಡುಗೆಮನೆಗಳಿಂದ ಎಳೆದು ತಂದಳು. ಶಾಲೆಯ ಆಯಾ ಹವ್ವಮ್ಮ ಆರು ವರ್ಷ ಜಗಲಿಯಲ್ಲಿ ಕೂತು ಅಭ್ಯಾಸ ನೋಡಿದ್ದವಳು, ತಾನಾಗಿ ಕೈ ಎತ್ತಿದಳು. ಎಂಟಾಯಿತು. ಒಂಬತ್ತನೆಯವರು ಯಾರು?

ಸೋಮವಾರ ಮೈದಾನದಲ್ಲಿ ಟೀಚರ್ ಸೀರೆಯನ್ನು ಎತ್ತಿ ಕಟ್ಟಿ ಬಂದು ನಿಂತರು. ಸುಳ್ಯದ ಕ್ಯಾಪ್ಟನ್ ಮನೋರಮಾ ಕಣ್ಣರಳಿಸಿದಳು.

“ಟೀಚರೇ, ನೀವು ಆಡುದಾ? ಹಾಗಾದ್ರೆ ಅಂಪೈರ್ ಯಾರು?”

“ನಾನೇ.”

“ಎರಡೂ ನೀವೇ ಆದ್ರೆ ನಾವೆಂತ ಮಾಡುದು?”

“ನಂಬುದು.”

ಮನೋರಮಾ ತನ್ನವರ ಕಡೆ ತಿರುಗಿ, “ನಂಬುದಂತೆ ಮಾರಾಯ್ತಿ,” ಎಂದಳು. ಆಟ ಶುರುವಾಯಿತು.

ಆರು ವರ್ಷ ಅಂಪೈರಾಗಿ ನಡುವಿನಲ್ಲಿ ನಿಂತು ಕೈ ತೋರಿಸಿದ್ದ ಟೀಚರ್ ಒಂದು ದಿನವೂ ಪಂದ್ಯ ಆಡಿದವರಲ್ಲ. ಮೂರು ಮಕ್ಕಳನ್ನು ಹಿಡಿದು ಸ್ನಾನ ಮಾಡಿಸಿದ ಲೀಲಾಮ್ಮನ ಕೈಯಿಂದ ಒಂದು ಚೆಂಡೂ ಜಾರಲಿಲ್ಲ. ಹವ್ವಮ್ಮ ಹೊಡೆದ ಚೆಂಡು ಸಂತೆಯನ್ನು ದಾಟಿ ಹೋಗಿ ಒಬ್ಬನ ಕುಂಬಳಕಾಯಿ ರಾಶಿಯಲ್ಲಿ ಬಿತ್ತು, ಅವನು ಅದನ್ನೂ ತೂಗಿ ಮಾರಿದನೆಂದು ಸುದ್ದಿ. ಹೊಡೆದವಳು ಅಲ್ಲೇ ನಿಂತು ನೋಡುತ್ತಿದ್ದಳು.

“ಓಡು ಹವ್ವಮ್ಮ, ಓಡು!”

“ಎಲ್ಲಿಗೆ?”

ಕೊನೆಯ ಸುತ್ತಿನಲ್ಲಿ ಸುಳ್ಯ ಒಂಬತ್ತು, ಕಡಬ ಎಂಟು. ಕಡಬದ ಇಬ್ಬರು ಔಟಾಗಿದ್ದರು, ಮೂರನೆಯವರು ಔಟಾದರೆ ಆಟ ಮುಗಿಯಿತು. ಹವ್ವಮ್ಮ ಮೂರನೆಯ ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದಳು. ಬ್ಯಾಟು ಟೀಚರ ಕೈಗೆ ಬಂತು. ಅವರು ಹೊಡೆದರು. ಚೆಂಡು ನೆಲಕ್ಕೆ ಬಡಿದು ಓಡಿತು, ಟೀಚರೂ ಓಡಿದರು. ನಲ್ವತ್ತೊಂದು ವರ್ಷದ ಕಾಲು ಮೊದಲ ಮೂಲೆಯ ಗೋಣಿ ತುಳಿಯುವುದಕ್ಕೂ ಮನೋರಮಾಳ ಗ್ಲೌಸಿಗೆ ಚೆಂಡು ಬೀಳುವುದಕ್ಕೂ ಸರಿಹೋಯಿತು. ಹವ್ವಮ್ಮ ಅತ್ತ ನಾಲ್ಕನೆಯ ಮೂಲೆ ಮುಟ್ಟಿದ್ದಳು. ಟೀಚರ್ ಉಳಿದರೆ ಆಟ ಸಮ, ಔಟಾದರೆ ಆ ಓಟ ಲೆಕ್ಕಕ್ಕಿಲ್ಲ.

ಸಂತೆಯಿಂದ ಬಂದ ಜನ ಅಂಪೈರನ್ನು ಹುಡುಕಿತು. ಅಂಪೈರ್ ಗೋಣಿಯ ಮೇಲೆ ಸೊಂಟ ಹಿಡಿದು ನಿಂತಿದ್ದರು.

“ನನಗೆ ಸತ್ಯವಾಗಿ ಗೊತ್ತಾಗ್ಲಿಲ್ಲ ಟೀಚರೇ,” ಎಂದಳು ಮನೋರಮಾ ಮೆಲ್ಲಗೆ. “ನೀವು ಹೇಳಿದ ಹಾಗೆ.”

ಟೀಚರಿಗೆ ಗೊತ್ತಿತ್ತು. ಚರ್ಮದೊಳಗೆ ಚೆಂಡು ಬಿದ್ದ ಸದ್ದು ಕಿವಿಗೆ ಬಂದ ಮೇಲೆ ಕಾಲಿಗೆ ಗೋಣಿಯ ನಾರು ತಾಗಿತ್ತು. ನಡುವೆ ಒಂದು ಎಳ್ಳು ಹಿಡಿಸುವಷ್ಟು ಜಾಗ. ಅವರು ಹೆಬ್ಬೆರಳು ಎತ್ತಿದರು.

“ಔಟ್.”

ಲೀಲಾಮ್ಮ ಬ್ಯಾಟನ್ನು ನೆಲಕ್ಕೆ ಕುಕ್ಕಿದಳು. “ಎಂತ ಚೇಚಿ ಇದು!”

ಕಡಬದಿಂದ ಚೆರಿಯನ್ ಎಂಬವರ ಜೀಪು ಬಂದು ಕಾದಿತ್ತು. ಮದುವೆಮನೆಯ ರಾತ್ರಿ ಊಟಕ್ಕೆ ಮುಟ್ಟಬೇಕಾದವರು ಅದರೊಳಗೆ, ಮೇಲೆ, ಹಿಂದೆ ಹತ್ತಿಕೊಂಡರು. ಹದಿನೇಳು ಜನರೆಂದು ಕೆಲವರು, ಇಪ್ಪತ್ತಮೂರೆಂದು ಕೆಲವರು. ಟೀಚರಿಗೂ ನಾಲ್ಕು ಮನೆಯ ಕರೆ ಇತ್ತು. “ನೀವು ಹೋಗಿ, ನಾನು ಗೋಣಿ ಮಡಚಿ ಬರ್ತೇನೆ,” ಎಂದರು.

ರಾಮಪ್ರಸಾದರು ಬಂದು ಒಂದು ಗೋಣಿಯ ಇನ್ನೊಂದು ತುದಿ ಹಿಡಿದರು.

“ಒಂಬತ್ತು ಜನ ನಿಂತಿರಿ, ಆಟವೂ ಮುಗೀತು. ನಾನು ಮಾತಿಗೆ ತಪ್ಪುವವನಲ್ಲ, ಬರುವ ವರ್ಷಕ್ಕೂ ಕೊಡ್ತೇನೆ. ಆದ್ರೆ ಯಾರಿಗೆ ಕೊಡುದು ಅಂತ ಹೇಳಿ ಟೀಚರೇ. ಕಡಬದ್ದು ಒಂಬತ್ತು ಹೆಸರು ಹೇಳಿ, ಸಾಕು.”

ಟೀಚರ್ ಬೆರಳು ಮಡಚಿದರು. ಒಂದು, ಎರಡು. ಮೂರನೆಯವಳಿಗೆ ಮೇ ತಿಂಗಳಲ್ಲಿ ನಿಶ್ಚಯ. ನಾಲ್ಕನೆಯವಳು ನರ್ಸಿಂಗ್ ಕಲಿಯಲು ಹೊರಟಿದ್ದಾಳೆ. ಲೀಲಾಮ್ಮ ಇನ್ನೊಮ್ಮೆ ಬರುವುದಿಲ್ಲ. ಹವ್ವಮ್ಮ ಬರುತ್ತಾಳೆ. ಬೆರಳು ಅಲ್ಲಿಗೇ ನಿಂತಿತು. ಕೇಳಿದ ರಾಮಪ್ರಸಾದರಿಗೆ ಕಡಬದ ಹುಡುಗಿಯರ ಹೆಸರು ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದರೆ ನಡೆಯುತ್ತಿತ್ತು.

“ಇಲ್ಲ ರಾಮಪ್ರಸಾದಣ್ಣ,” ಎಂದರು. “ವಾಲಿಬಾಲಿನವರಿಗೇ ಕೊಡಿ.”

ರಾಮಪ್ರಸಾದರು ಗೋಣಿ ಮಡಚಿ ಕೊಟ್ಟರು.

ಕಡಬದ ಬಸ್ಸಿನಲ್ಲಿ ಕಂಡಕ್ಟರ್ ಕಾಸಿಂ ಗೋಣಿಕಟ್ಟನ್ನು ಸೀಟಿನಡಿಗೆ ತಳ್ಳಿದ.

“ಯಾರು ಗೆದ್ದದ್ದು ಟೀಚರೇ?”

“ಸುಳ್ಯ.”

“ನೀವೂ ಆಡಿದಿರಂತೆ?”

“ಆಡಿದೆ. ಔಟಾದೆ.”

“ಕೊಟ್ಟದ್ದು ಯಾರು?”

“ನಾನೇ.”

ಕಾಸಿಂ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. “ನೀವೆಂತ ಮಾರಾಯ್ರೆ! ಸ್ವಲ್ಪ ಕಣ್ಣು ಮುಚ್ಚಿದ್ರೆ ಆಗ್ತಿರ್ಲಿಲ್ವಾ?”

“ಮುಚ್ಚಬಹುದಿತ್ತು ಕಾಸಿಂ,” ಎಂದರು ಟೀಚರ್, ಚಿಲ್ಲರೆ ಎಣಿಸಿ ಕೊಡುತ್ತ. “ಅಲ್ಲಿ ನೋಡ್ಲಿಕ್ಕೆ ಬೇರೆ ಯಾರಾದ್ರೂ ಇದ್ದಿದ್ರೆ.”