ಕಲ್ಲಿಗೆ ಅಂಜಿದ ಕ್ಯಾಮೆರಾ

ಬೆಳಕು ಸತ್ಯವನ್ನು ತೋರಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಬೇಸಿಗೆಯ ಮಧ್ಯಾಹ್ನ ಶಹಾಬಾದಿನ ಕಲ್ಲುಖಣಿಗೆ ಬಂದಿರಲಿಕ್ಕಿಲ್ಲ. ಅಲ್ಲಿ ಬೆಳಕು ಕಣ್ಣು ಬಿಡಲಿಕ್ಕೇ ಕೊಡುವುದಿಲ್ಲ.

ನಮ್ಮ ಫೋಟೋ ಮಾಸ್ತರರ ಎಡ ಅಂಗೈ ಅಗಲವಾಗಿತ್ತು. ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದ ಕಾಲದ ಔಷಧಿಗೆ ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಯಾರದೇ ಫೋಟೋ ತೆಗೆಯುವ ಮೊದಲು ಆ ಅಂಗೈಯನ್ನು ಅವರ ಮುಖದ ಮುಂದೆ ಹಿಡಿದು, ಕ್ಯಾಮೆರಾದಲ್ಲಿ ಅದನ್ನೇ ನೋಡಿ, ತಲೆಯಾಡಿಸಿ, ಕೈ ತೆಗೆಯುತ್ತಿದ್ದರು. ಸ್ಟುಡಿಯೋಕ್ಕೆ ಬಂದ ಮುದುಕಿಯರು ಆಶೀರ್ವಾದವೆಂದು ತಿಳಿದು ತಲೆಬಾಗಿಸುತ್ತಿದ್ದರು. ಮಾಸ್ತರರು ತಿದ್ದುತ್ತಿರಲಿಲ್ಲ. ಆಶೀರ್ವಾದ ಮುಗಿಸಿ, ಗದ್ದ ಎತ್ತಲು ಹೇಳುತ್ತಿದ್ದರು.

ಅಂಗೈ ಯಾಕೆ ಎಂದು ನಾನು ಎರಡು ವರ್ಷ ಕೇಳಿದೆ. ಹೈಸ್ಕೂಲಿನಿಂದ ನಿವೃತ್ತನಾದ ಮೇಲೆ ದೊಡ್ಡದೊಂದು ಕ್ಯಾಮೆರಾ ಕೊಂಡು, ಅದರ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿದ್ದೆ. ಪುಸ್ತಕದಲ್ಲಿ ಅಂಗೈಯ ಪ್ರಸ್ತಾಪವಿರಲಿಲ್ಲ. ಮಾಸ್ತರರು ಟೈಂ ಬಂದಾಗ ಹೇಳುತ್ತೇನೆಂದು ಚಹಾ ತರಿಸುತ್ತಿದ್ದರು.

ಟೈಂ ಬಂದದ್ದು ಖಣಿಯಲ್ಲಿ. ನಮ್ಮ ಓಣಿಯ ಮೇಸ್ತ್ರಿ ದುಡಿಯುತ್ತಿದ್ದ ಖಣಿ ಅಂದೇ ಮುಚ್ಚುವುದಿತ್ತು. ಅವನನ್ನೂ ಸೇರಿಸಿ ಇಪ್ಪತ್ತೆರಡು ಜನ. ಅರ್ಧ ಮಂದಿ ಮಳಖೇಡದ ಕಡೆ, ಉಳಿದವರು ವಾಡಿಯ ಕಡೆ ಸಿಮೆಂಟು ಕಾರ್ಖಾನೆಯ ಕೆಲಸಕ್ಕೆ ಹೊರಟಿದ್ದರು. ಮಳಖೇಡಕ್ಕೆ ಹೋಗುವವರ ಟ್ರಕ್ಕು ಖಣಿಯ ದಂಡೆಯ ಮೇಲೆ ನಿಂತಿತ್ತು. ಇಷ್ಟು ವರ್ಷ ಕೂಡಿ ಕಲ್ಲು ಕಡಿದವರು ಒಮ್ಮೆಯಾದರೂ ಒಂದೇ ಫೋಟೋದಲ್ಲಿ ಇರಬೇಕೆಂಬುದು ಮೇಸ್ತ್ರಿಯ ಆಸೆ. ನಾನು ಗಾಂಭೀರ್ಯದಿಂದ ಒಪ್ಪಿಕೊಂಡೆ. ಮಾಸ್ತರರನ್ನೂ ಕರೆದೊಯ್ದೆ, ಪ್ರೇಕ್ಷಕರಾಗಿ.

ಒಂಬತ್ತು ಫೋಟೋ ತೆಗೆದೆ. ಮೇಸ್ತ್ರಿ ಕ್ಯಾಮೆರಾದ ಬೆನ್ನಿನ ಪರದೆಯನ್ನು ಬಹಳ ಹೊತ್ತು ನೋಡಿದ.

"ಕಲ್ಲು ಭಾಳ ಛಂದ ಬಂದಾವ್ರಿ ಸರ್. ನಾವು ಎಲ್ಲಿ ಇದ್ದೀವಿ?"

ಫೋಟೋದಲ್ಲಿ ಸುತ್ತಲಿನ ಬಿಳಿ ಫರಸಿಕಲ್ಲಿನ ಒಂದೊಂದು ಗೆರೆಯೂ ಇತ್ತು. ಮುಖಗಳು ಇದ್ದಿಲಿನಂತೆ ಕಪ್ಪಾಗಿದ್ದವು. ಟ್ರಕ್ಕಿನ ಡ್ರೈವರ್ ಹಾರ್ನ್ ಹೊಡೆದ. ಮೇಸ್ತ್ರಿ, ಇರಲಿ ಬಿಡಿ, ಎಂದ. ನನ್ನ ಮುಖ ನೋಡದೆ ಎಂದ.

ಮಾಸ್ತರರು ಎದ್ದು ನನ್ನ ಕ್ಯಾಮೆರಾ ಈಸಿಕೊಂಡರು. "ನಿಮ್ಮ ಕ್ಯಾಮೆರಾ ಕಲ್ಲಿಗಿ ಅಂಜ್ಯದರಿ ಸರ್. ಇಷ್ಟು ಬೆಳಕು ಅದ ಅಂತ ಕಣ್ಣು ಮುಚ್ಕೊಂಡದ."

ಎಲ್ಲರನ್ನೂ ಖಣಿಯ ಗೋಡೆಯ ನೆರಳಿಗೆ ಸರಿಸಿದರು. ತಳದಲ್ಲಿದ್ದ ನೀರನ್ನು ಬಕೆಟ್ಟಿನಿಂದ ಎದುರಿನ ಹಾಸುಗಲ್ಲಿಗೆ ಹೊಡೆಸಿದರು. ಒದ್ದೆಯಾದ ಫರಸಿ ನೀಲಿಗಪ್ಪಾಗಿ, ಕಣ್ಣು ಕುಕ್ಕುವ ಝಳ ಇಳಿಯಿತು. ಆಮೇಲೆ ಅದೇ ನೆರಳಲ್ಲಿ ಅಂಗೈ ಹಿಡಿದರು.

"ಮಾರಿ ಬಣ್ಣ ಒಬ್ಬೊಬ್ಬರದು ಒಂದೊಂದು ಇರ್ತದ. ಅಂಗೈ ಎಲ್ಲರದೂ ಹೆಚ್ಚುಕಡಿಮಿ ಒಂದೇ. ಕ್ಯಾಮೆರಾಕ್ಕ ಇದನ್ನ ತೋರಿಸಿ, ಇದಕ್ಕಿಂತ ಒಂದೀಟು ಹೆಚ್ಚು ಬೆಳಕು ತಗೋ ಅಂತ ಹೇಳ್ಬೇಕು."

ಹಾಗೆ ಮಾಡಿದರೆ ನೆರಳಿನಾಚೆ ಬಿಸಿಲಲ್ಲಿರುವ ಕಲ್ಲೆಲ್ಲ ಬರೀ ಬಿಳಿಯಾಗಿ ಹೋಗುತ್ತದೆಂದು ನಾನು ಪುಸ್ತಕದ ಪರವಾಗಿ ಎಚ್ಚರಿಸಿದೆ.

"ಹೋದ್ರ ಹೋಗ್ಲಿ ಸರ್. ಕಲ್ಲು ಊರ ತುಂಬ ಅದ. ಈ ಮಂದಿ ನಾಳಿಂದ ಇಲ್ಲಿ ಇರಂಗಿಲ್ಲ."

ಮೂರೇ ಫೋಟೋ ತೆಗೆದರು. ಟ್ರಕ್ಕು ಹೋಯಿತು.

ಮರುದಿನ ಸ್ಟುಡಿಯೋದ ಕಂಪ್ಯೂಟರಿನಲ್ಲಿ, ಸೆರಗಿನ ನೆರಳಲ್ಲಿ ಮಸುಕಾಗಿದ್ದ ಒಬ್ಬ ಹೆಣ್ಣುಮಗಳ ಕಣ್ಣುಗಳನ್ನು ಅರ್ಧ ತಾಸು ಕೂತು ಸ್ವಲ್ಪಸ್ವಲ್ಪವಾಗಿ ಬೆಳಕಿಗೆ ತಂದರು. ಹಣೆಗಳ ಮೇಲಿನ ಕಲ್ಲಿನ ಧೂಳನ್ನೂ ಒರೆಸಿಬಿಡೋಣವೇ ಎಂದೆ. ಆ ವಿದ್ಯೆ ನನಗೆ ಬರುತ್ತಿತ್ತು. ಮಾಸ್ತರರು ಮೌಸ್ ಬಿಟ್ಟುಕೊಡಲಿಲ್ಲ.

"ಆ ಧೂಳು ಅವರದು, ಸರ್. ತೆಗೀಲಿಕ್ಕೆ ನಾವ್ಯಾರು?"

ನಾನು ಈಗಲೂ ಫೋಟೋ ತೆಗೆಯುತ್ತೇನೆ. ಯಾವುದು ಹೋದರೆ ಹೋಗಲಿ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಇದು ಪುಸ್ತಕದಲ್ಲಿಲ್ಲ.

ಖಣಿಯಲ್ಲಿ ಈಗ ನೀರು ತುಂಬಿದೆ. ಮಾಸ್ತರರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಫೋಟೋ ಮೇಸ್ತ್ರಿಯ ಮನೆಯಲ್ಲಿದೆ. ಇಪ್ಪತ್ತೆರಡೂ ಮಂದಿಯ ಗುರುತು ಸಿಗುತ್ತದೆ.