ಕಣ್ಣು ಬರೆಯದ ಗೊಂಬೆಗಳು

ರಾಜಧಾನಿಯ ಆ ನೆಲದಡಿಯ ಮೆಟ್ರೊ ನಿಲ್ದಾಣ ಚೆನ್ನಾಗಿಲ್ಲ ಎಂದು ನಾನು ಹೇಳಲಾರೆ. ಕಪ್ಪು ಕಲ್ಲಿನ ಕಂಬಗಳಿಗೆ ಬಳೆಯಂಥ ಸುತ್ತುಗಳನ್ನು ಕಡೆದಿದ್ದಾರೆ, ಚಾವಣಿಯ ತಾವರೆ ಎಸಳುಗಳ ನಡುವೆ ದೀಪ ಹುದುಗಿಸಿದ್ದಾರೆ. ಮೆಟ್ಟಿಲಿಳಿದರೆ ಎದುರಿಗೇ ಉದ್ದನೆಯ ಗಾಜಿನ ಗೂಡು. ಅದರೊಳಗೆ ಗೋಕಾಕದ ಸಂತೆ: ಕಂಬಳಿ ಹೊದ್ದ ಕುರಿಗಾರ, ಬಳೆಗಾರ, ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸು. ಎಲ್ಲವೂ ಮರದ ಗೊಂಬೆಗಳು. ಒಂದಕ್ಕೂ ಕಣ್ಣಿಲ್ಲ.

ಅವನ್ನು ಮಾಡಿದವರು ಗೋಕಾಕದ ನಮ್ಮ ಓಣಿಯ ಹಿರಿಯರೊಬ್ಬರು, ಎಲ್ಲರಿಗೂ ಕಾಕಾ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಬಣ್ಣ ಹಚ್ಚುತ್ತಾರೆ. ಕಣ್ಣು ಮಾತ್ರ ಗೊಂಬೆ ನಿಲ್ಲುವ ಜಾಗದಲ್ಲೇ ಬರೆಯಬೇಕು. ಅದು ಅವರ ಮನೆತನದ ಪದ್ಧತಿ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನೋಡುವವರು ಎಲ್ಲಿ ನಿಲ್ಲುತ್ತಾರೆ ಎಂದು ತಿಳಿಯದೆ ಅವರು ನೋಟ ಕೊಡುವುದಿಲ್ಲ. "ಕೂಡ್ರಿಸೂ ದಿನಾ ನನ್ನ ಕರೀರಿ" ಎಂದು ಗೊಂಬೆ ಒಯ್ಯಲು ಬಂದ ನಿಲ್ದಾಣದ ಗುತ್ತಿಗೆದಾರನಿಗೆ ಹೇಳಿದ್ದರು. ಆತ ಒಪ್ಪಿ ತಲೆಯಾಡಿಸಿದ್ದಕ್ಕೆ ನಾನೇ ಸಾಕ್ಷಿ. ಕರೆಯಲಿಲ್ಲ. ಉದ್ಘಾಟನೆಯ ಫೋಟೊ ನಾನು ವರದಿಗಾರನಾಗಿರುವ ಪತ್ರಿಕೆಗೆ ಬಂದಾಗ ಅವರಿಗೆ ತೋರಿಸಿದೆ. ಮರುದಿನ ಇಬ್ಬರೂ ಹೊರಟೆವು.

ನಿಲ್ದಾಣದ ತಪಾಸಣೆಯಲ್ಲಿ ಕಾಕಾರ ಚೀಲದ ಬಣ್ಣದ ಡಬ್ಬಿ ಸಿಕ್ಕಿಬಿತ್ತು. ಕಾವಲಿನವನು ಗೋಕಾಕದ ಪಕ್ಕದ ಹುಕ್ಕೇರಿ ಕಡೆಯವನು. ನಮ್ಮ ಮಾತಿನಲ್ಲೇ ಊರಿನ ಗುರುತು ಹಿಡಿದ.

"ಕಾಕಾ, ಬಣ್ಣ ಒಳಗ ಬಿಡಾಂಗಿಲ್ರಿ. ಗ್ವಾಡಿ ಬಳ್ಯಾಕ ಬಂದೀರೇನ್ರಿ?"

"ನಿಮ್ಮ ಕುರುಡ ಸಂತಿಗೆ ಕಣ್ಣ ಕೊಡಾಕ ಬಂದೇನಪಾ."

"ಖರೇನ ನೀವ ಮಾಡಿದ್ದೇನ್ರಿ? ಸಣ್ಣ ಕೂಸುಗೋಳು ನೋಡಿ ಅಂಜ್ತಾವ್ರಿ!" ಎಂದವನು ತಾನೇ ಹೋಗಿ ಅಧಿಕಾರಿಯನ್ನು ಕರೆತಂದ.

ಅಧಿಕಾರಿ ಗೂಡಿನ ಬದಿಯ ಹಿತ್ತಾಳೆ ಫಲಕ ತೋರಿಸಿದರು. 'ಗೋಕಾಕ ಗೊಂಬೆಗಳು: ಮುಖಭಾವವಿಲ್ಲದ ಆಧುನಿಕ ಶೈಲಿ.' ಕೆಳಗೆ ವಿನ್ಯಾಸಕಾರನ ಹೆಸರು. ಕಾಕಾರ ಹೆಸರಿಲ್ಲ.

"ಡಿಸೈನ್ ಹೀಗೇ ಒಪ್ಪಿಗೆ ಆಗಿರೋದು. ಬದಲಾಯಿಸೋಕಾಗಲ್ಲ."

ಕಾಕಾ ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ನನ್ನ ಹೆಸರ ಬ್ಯಾಡ್ರಿ ಸಾಹೇಬ್ರ. ಒಂದ ದಿನಾ ಬಿಡ್ರಿ, ಕಣ್ಣ ಬರೀತೇನಿ. ಇಲ್ಲಾಂದ್ರ ಗೋಕಾಕ ಅನ್ನೂದನ್ನರ ಅಳಸ್ರಿ. ಅರ್ಧಾ ಕೆಲಸಾ ನಮ್ಮೂರ ಹೆಸರಿಗೆ ಹಚ್ಚಬ್ಯಾಡ್ರಿ."

"ಅರ್ಜಿ ಕೊಡಿ."

ನಿಂತಲ್ಲೇ ಬರೆದುಕೊಟ್ಟೆ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಕಂಡದ್ದನ್ನಷ್ಟೇ ಬರೆ ಎಂದು ಕಲಿಸಿದ ಕಸುಬು ನನ್ನದು. ಅರ್ಜಿಯಲ್ಲೂ ಅಷ್ಟನ್ನೇ ಬರೆದೆ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಎರಡು ಕಡೆ ತೂತಾಗಿತ್ತು.

ಉತ್ತರ ಬರಲಿಲ್ಲ. ಕಳೆದ ತಿಂಗಳು ಬೇರೆ ಕೆಲಸಕ್ಕೆ ಹೋದವನು ಆ ಮೆಟ್ಟಿಲಿಳಿದೆ. ಗೊಂಬೆಗಳು ಹಾಗೇ ಇದ್ದವು. ಫಲಕವನ್ನು ಮಾತ್ರ ಯಾರೋ ತಿಕ್ಕಿ ಹೊಳೆಯಿಸಿದ್ದರು. ನಮ್ಮೂರಿನ ಹೆಸರು ದೂರದಿಂದಲೇ ಕಾಣುತ್ತಿತ್ತು.