ಅಪ್ಪ ಹೇಳಿದ ಕ್ಲೈಮ್ಯಾಕ್ಸು

ಪರದೆಯ ಮೇಲೆ ಸಿನಿಮಾ ಇನ್ನೂ ಓಡುತ್ತಿರುವಾಗಲೇ, ಕತ್ತಲಲ್ಲಿ ಕಾಲಾಡಿಸಿ ಸೀಟಿನ ಕೆಳಗಿನ ಚಪ್ಪಲಿ ಹುಡುಕಿದ್ದೀರಾ, ಗೆಳೆಯರೇ? ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಹೆಂಗಸರು ಹುಮನಾಬಾದಿನ ಟಾಕೀಸಿನಲ್ಲಿ ಸಿನಿಮಾ ನೋಡಿದ್ದೇ ಹಾಗೆ. ಬಸವಕಲ್ಯಾಣದ ಕೊನೆಯ ಬಸ್ಸು ತಪ್ಪೀತೆಂದು, ಕಥೆ ಕೊನೆಯ ಘಟ್ಟಕ್ಕೆ ಬಂದ ಹೊತ್ತಿಗೇ ಅಪ್ಪ ನಮ್ಮನ್ನು ಎಬ್ಬಿಸುತ್ತಿದ್ದ. ಗೆಳೆಯರ ಜೊತೆ ಮೊದಲೇ ನೋಡಿ ಬಂದಿರುತ್ತಿದ್ದ ಅವನು ಉಳಿದ ಕಥೆಯನ್ನು ಬಸ್ಸಿನಲ್ಲಿ ಹೇಳುತ್ತಿದ್ದ.

ಸಿನಿಮಾದ ಕಥೆಯನ್ನು ಮುಂದಕ್ಕೊಯ್ಯುವುದು ಯಾವುದೆಂದು ಬಲ್ಲವರು ಬಗೆಬಗೆಯಾಗಿ ಬರೆಯುತ್ತಾರೆ: ಫ್ಲ್ಯಾಶ್‌ಬ್ಯಾಕು, ಬಚ್ಚಿಟ್ಟ ಗುಟ್ಟು, ನಾಯಕಿಗೆ ತಿಳಿಯದ ಅಪಾಯ ನಮಗೆ ಮೊದಲೇ ತಿಳಿದು ಹುಟ್ಟುವ ಚಡಪಡಿಕೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಿರ್ದೇಶಕ ಏನನ್ನೇ ಬಚ್ಚಿಡಲಿ, ಸಿನಿಮಾ ಮುಗಿಯುವ ಮೊದಲು ನೋಡುಗರ ಕೈಗೆ ಕೊಡುತ್ತಾನಲ್ಲ! ನಮ್ಮ ಪಾಲಿಗೆ ಕಥೆ ನಡೆದದ್ದು ಅಪ್ಪನ ನಾಲಗೆ ಹೊರಳಿದ ಕಡೆಗೆ.

ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದ ಸೋದರತ್ತೆ ಒಮ್ಮೆ ನಮ್ಮ ಜೊತೆಗಿದ್ದಳು. ಅಂದಿನ ನಾಯಕಿಯೂ ಗಂಡನನ್ನು ಬಿಟ್ಟು ಬಂದವಳೇ. ಅವನು ಬಂದು ಅವಳ ಬಾಗಿಲು ಬಡಿಯುತ್ತಿರುವಾಗ ನಾವು ಎದ್ದೆವು. ಅತ್ತೆ ತಿರುತಿರುಗಿ ನೋಡುತ್ತಲೇ ಹೊರಬಂದಳು.

"ಅಣ್ಣಾ, ಆಕಿ ಬಾಗಲಾ ತೆಗಿತಾಳೇನು?"

"ತೆಗಿಲಾರ್ದ ಏನ್ ಮಾಡ್ತಾಳ? ಗಂಡನ ಕಾಲಿಗಿ ಬಿದ್ದು ಅವನ ಸಂಗಾಟ ಹೋಗ್ತಾಳ. ಆಮ್ಯಾಲ ಅಂವಾ ಸುಧಾರಿಸ್ತಾನ," ಎಂದ ಅಪ್ಪ.

ಕೆಲವೇ ದಿನಗಳಲ್ಲಿ ಅತ್ತೆ ಗಂಡನ ಮನೆಗೆ ಮರಳಿದಳು. ಅವನೇನೂ ಸುಧಾರಿಸಲಿಲ್ಲ. ಅವನ ಏಟಿಗೆ ಅವಳ ಎಡಗಿವಿ ಕೇಳದಾಯಿತು.

ವರ್ಷಗಳು ಉರುಳಿ, ಮನೆಗೆ ಕೇಬಲ್ ಬಂದ ಮೇಲೆ, ಅತ್ತೆ ಪಂಚಮಿಗೆಂದು ಬಂದಿದ್ದಾಗ ಟಿವಿಯಲ್ಲಿ ಅದೇ ಸಿನಿಮಾ ಹಾಕಿದರು. ನಾಯಕಿ ಬಾಗಿಲು ತೆಗೆಯಲೇ ಇಲ್ಲ. ಒಳಗಿನ ಚಿಲಕ ಹಾಕಿ, ಹೊಲಿಗೆ ಯಂತ್ರದ ಮುಂದೆ ಕೂತು ಅರ್ಧಕ್ಕೆ ಬಿಟ್ಟಿದ್ದ ಕುಪ್ಪಸ ಹೊಲಿದಳು. ಬಡಿತ ನಿಂತಿತು, ಸಿನಿಮಾ ಮುಗಿಯಿತು. ಅತ್ತೆ ಬಲಗಿವಿಯನ್ನು ಟಿವಿಯತ್ತ ಚಾಚಿಕೊಂಡು ಹಾಗೇ ಕೂತಿದ್ದಳು.

"ನಿಂದು ಚೊಲೊ ಆಗಲಂತ ಹಂಗ ಹೇಳಿದ್ದೆ," ಎಂದ ಅಪ್ಪ, ನೆಲ ನೋಡುತ್ತ. ಒಬ್ಬಳ ಬಾಳನ್ನೇ ತಿದ್ದಿ ಕೂತವನ ಬಾಯಲ್ಲಿ ಬಂದದ್ದು ಇಷ್ಟೇ! ಆ ಸಿಟ್ಟು ನನ್ನಲ್ಲಿ ಇವತ್ತಿಗೂ ಆರಿಲ್ಲ.

ಹಬ್ಬ ಕಳೆದು ಅತ್ತೆಯ ಗಂಡ ಅವಳನ್ನು ಕರೆದೊಯ್ಯಲು ಬಂದ. "ಬರ್ತಾಳ್ರಿ, ಕೂಡ್ರಿ," ಎಂದು ಅಪ್ಪ ಶುರುಮಾಡುವಷ್ಟರಲ್ಲಿ ಅತ್ತೆ ಪಡಸಾಲೆಗೆ ಬಂದು ನಿಂತಳು.

"ನೀ ಸುಮ್ಕಿರು ಅಣ್ಣಾ. ಮುಂದಿಂದು ನಾ ಹೇಳ್ತೀನಿ."